ನಿಲ್ಲಿಸುವ ಮಾತು

ಎರಡನೇ ಸಲವೂ ರೂಬೆನ್ ಅವಸರಪಟ್ಟು 'ಕಟ್' ಎಂದುಬಿಟ್ಟ. ರಕ್ಷಣೆಗೆಂದು ದೋಣಿ ಕಟ್ಟುವ ದಕ್ಕೆಯ ಕೆಳಗೆ ಕಾದಿದ್ದ ಈಜುಗಾರ, ಮುಳುಗುವ ದೃಶ್ಯದಲ್ಲಿದ್ದ ಹೋರೇಸನನ್ನು ಮಿಷಿಗನ್ ಸರೋವರದಿಂದ ಮೇಲೆತ್ತಿದ. ಅರವತ್ತು ದಾಟಿದ ಆ ನಟ ಮರದ ಹಲಗೆಗಳ ಮೇಲೆ ನಿಂತು, ನೀರಿಳಿಯುವ ಕೋಟನ್ನು ಕಳಚುತ್ತ ನಿರ್ದೇಶಕನನ್ನು ದುರುಗುಟ್ಟಿ ನೋಡಿದ.

"ಲೋ ರೂಬೆನ್, ಇಪ್ಪತ್ತು ವರ್ಷದಿಂದ ನಿನ್ನ ನಾಟಕಗಳಲ್ಲಿ ಸಾಯ್ತಾನೇ ಬಂದಿದ್ದೀನಿ. ಒಂದು ಸಲನಾದ್ರೂ ಅರ್ಧ ಸಾವಿಗೇ ಪರದೆ ಎಳೆದಿದ್ದೀಯೇನೋ?"

"ಅಲ್ಲಿ ನೀರಿರಲಿಲ್ಲ ಮಾರಾಯ. ಇಲ್ಲಿ ನಂಗೆ ಭಯ ಆಗುತ್ತೆ."

"ಭಯ ನೋಡೋರಿಗೆ ಆಗ್ಬೇಕು ಕಣೋ, ನಿಂಗಲ್ಲ. ಈ ಸಲ ನಾನು ಪೂರ್ತಿ ಮುಳುಗೋ ತನಕ ಬಾಯಿ ತೆಗೀಬೇಡ. ತೆಗೆದ್ಯೋ, ನಿನ್ನನ್ನೇ ಹಿಡಿದು ಈ ನೀರಿಗೆ ತಳ್ತೀನಿ."

ಸುತ್ತಲಿದ್ದವರು ನಕ್ಕರು. ರೂಬೆನ್‌ಗೆ ನಗು ಬರಲಿಲ್ಲ. ಶಿಕಾಗೋದಲ್ಲಿ ಬೂಟಿನಂಗಡಿಯ ಮಾಳಿಗೆಯ ಮೇಲಿದ್ದ ಪುಟ್ಟ ರಂಗಮಂದಿರಕ್ಕೆ ನಾಟಕ ಬರೆದು ಹೆಸರಾದವನು ಅವನು. ಆಮೇಲೆ ಹಾಲಿವುಡ್ಡಿಗೆ ಚಿತ್ರಕಥೆಗಳನ್ನು ಬರೆದ. ಬರೆದದ್ದನ್ನು ಬೇರೆಯವರು ಕೆಡಿಸುವುದನ್ನು ಕತ್ತಲಲ್ಲಿ ಕೂತು ನೋಡಿದ. ಈಗ ಮೊದಲ ಬಾರಿಗೆ ತನ್ನ ನಾಟಕವನ್ನು ತಾನೇ ಸಿನಿಮಾ ಮಾಡುತ್ತಿದ್ದ. ಹಣ ಹಾಕುವವರು ಹೆಸರಾಂತ ನಟನೊಬ್ಬನನ್ನು ತರಲು ಹೊರಟಾಗ, ಹೋರೇಸ್ ಇಲ್ಲದಿದ್ದರೆ ಸಿನಿಮಾವೇ ಬೇಡ ಎಂದು ಹಟ ಹಿಡಿದವನೂ ಅವನೇ.

ಸಹನಿರ್ದೇಶಕಿ ಲೊರೇನ್ ಹತ್ತಿರ ಬಂದಳು. "ಒಣಗಿರೋ ಕೋಟು ಇನ್ನೊಂದೇ ಇದೆ. ಬೆಳಕೂ ಹೋಗ್ತಿದೆ. ಇದೇ ಕೊನೇದು, ರೂಬೆನ್. ನಿಲ್ಲಿಸೋ ಮಾತು ನಿಮ್ಮದೇ. ನೀವು ಹೇಳೋ ತನಕ ಈಜುಗಾರ ಜಾಗ ಬಿಡಲ್ಲ, ನಾವ್ಯಾರೂ ಉಸಿರೆತ್ತಲ್ಲ. ಆಯ್ತಾ?"

"ಆಯ್ತು."

ಹೋರೇಸ್ ಒಣ ಕೋಟು ತೊಟ್ಟು, ರೂಬೆನ್‌ನತ್ತ ಒಮ್ಮೆ ಕಣ್ಣು ಮಿಟುಕಿಸಿ, ದಕ್ಕೆಯ ಅಂಚಿನಿಂದ ಜಾರಿ ಬಿದ್ದ. ಅಕ್ಟೋಬರಿನ ಕಪ್ಪು ನೀರು ಅವನನ್ನು ನುಂಗಿ ಮತ್ತೆ ಹೊರಗೆ ಉಗುಳಿತು. ಕಥೆಯಂತೆ ಈಗ ಅವನು ದಂಡೆಯಲ್ಲಿರುವ ಮಗನನ್ನು ಕೂಗಬೇಕು. "ದೋಣಿಯ ಹಗ್ಗ ಬಿಡಬೇಡ, ಮಗಾ!" ಎಂದು ರೂಬೆನ್ ಬರೆದಿದ್ದ. ಕೇಳಿಸಿದ್ದು ಬರೀ "ಬೇಡ... ಬೇಡ..."

ರೂಬೆನ್‌ನ ಮೈ ಜುಮ್ಮೆಂದಿತು. ಎಂಥ ಮಾತು! ತಾನು ಬರೆದದ್ದಕ್ಕಿಂತ ಇದೇ ಚೆನ್ನ. ಮರುಕ್ಷಣವೇ ಆ ಖುಷಿ ಎದೆಯಲ್ಲಿ ತಣ್ಣಗಾಯಿತು. ಇಷ್ಟು ವರ್ಷಗಳಲ್ಲಿ ಹೋರೇಸ್ ಅವನ ಒಂದು ಅಕ್ಷರವನ್ನೂ ಬದಲಿಸಿದವನಲ್ಲ. ಮೈ ಸುಡುವ ಜ್ವರದಲ್ಲಿ ರಂಗದ ಮೇಲೆ ನಿಂತ ದಿನವೂ ಒಂದು ಅಲ್ಪವಿರಾಮ ತಪ್ಪಿಸಿರಲಿಲ್ಲ.

ತೊಂದರೆಯಾದರೆ ಅಂಗೈಯನ್ನು ತಲೆಯ ಮೇಲಿಡಬೇಕೆಂದು ಮಾತಾಗಿತ್ತು. ಮಾನಿಟರಿನಲ್ಲಿ ಹೋರೇಸನ ಕೈ ಮೇಲೆದ್ದಿತು. ಕಿವಿಯವರೆಗೂ ಬಾರದೆ ಬಿತ್ತು. ಕಾಲುಗಳು ಮಾತ್ರ ನೀರನ್ನು ಬಡಿಯುತ್ತಲೇ ಇದ್ದವು. ಇದು ನಟನೆಯೋ, ಚಳಿಗೆ ಕೈ ಮರಗಟ್ಟಿತೋ? ನಟನೆಯಾಗಿದ್ದರೆ ಈಗ ಬಾಯಿ ತೆರೆದವನನ್ನು ಹೋರೇಸ್ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಅಲ್ಲದಿದ್ದರೆ? ರೂಬೆನ್ ಲೊರೇನಳತ್ತ ನೋಡಿದ. ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ದಕ್ಕೆಯ ಮೇಲಿದ್ದವರೆಲ್ಲ ಅವನ ತುಟಿಗಳನ್ನೇ ನೋಡುತ್ತಿದ್ದರು. ಹೋರೇಸನ ಗದ್ದ ನೀರಿಗಿಳಿಯಿತು.

"ಹೋಲ್ಡ್!" ರೂಬೆನ್ ಎದ್ದು ನಿಂತು ಕಿರುಚಿದ. "ಹೋಲ್ಡ್! ಹೋಲ್ಡ್!"

ಹೆದರಿದ ಬಾಯಿಗೆ ಹಳೆಯ ಮಾತೇ ಬಂದಿತ್ತು. ರಂಗದ ಮೇಲೆ ತಾಲೀಮು ನಡೆಯುವಾಗ ಮೆಟ್ಟಿಲು ಮುರಿದರೆ, ಕತ್ತಿಯ ಏಟು ತಪ್ಪಿದರೆ, ಯಾರಾದರೂ ಹಾಗೆ ಕೂಗುತ್ತಾರೆ. ಆಟ ಅಲ್ಲಿಗೇ ನಿಲ್ಲುತ್ತದೆ. ನಟರು ಇದ್ದ ಭಂಗಿಯಲ್ಲೇ ಕಲ್ಲಾಗುತ್ತಾರೆ. ಯಾರಾದರೂ ಬಂದು ಅಪಾಯ ಸರಿಪಡಿಸುವವರೆಗೆ ಬೆರಳೂ ಅಲುಗಿಸುವುದಿಲ್ಲ. ಆದರೆ ಇಲ್ಲಿದ್ದವರೆಲ್ಲ ಸಿನಿಮಾದವರು. ಹೀಗೇ ಇರಲಿ, ಚಿತ್ರ ಹಿಡಿದಿಟ್ಟುಕೊಳ್ಳಿ ಎಂದು ಅವರಿಗೆ ಕೇಳಿಸಿತು. ಕ್ಯಾಮೆರಾದವನು ಉಸಿರು ಬಿಗಿಹಿಡಿದು ಹೋರೇಸನ ಮುಖದ ಮೇಲೇ ನಿಂತ. ಲೊರೇನ್ ಈಜುಗಾರನಿಗೆ ಇನ್ನೂ ಬೇಡ ಎಂದು ಕೈಸನ್ನೆ ಮಾಡಿದಳು. ಅಲ್ಲಿಯವರೆಗೂ ಒದ್ದಾಡುತ್ತಿದ್ದ ಹೋರೇಸ್ ಸುಮ್ಮನಾಗಿಬಿಟ್ಟ. ಅವನ ನರೆತ ಕೂದಲಿನ ಮೇಲೆ ನೀರು ಮೆಲ್ಲಗೆ ಕೂಡಿಕೊಂಡಿತು.

ರೂಬೆನ್ ಬೇರೆ ಮಾತಿಗಾಗಿ ತಡಕಾಡಿದ. ಒಂದೂ ಸಿಗಲಿಲ್ಲ. ಕುರ್ಚಿ ಉರುಳಿಸಿ ಓಡಿದವನು ಬೂಟು ಸಮೇತ ನೀರಿಗೆ ಹಾರಿದ. ತಾನು ತೆಗೆಯುತ್ತಿದ್ದ ಚಿತ್ರದೊಳಕ್ಕೆ ನಿರ್ದೇಶಕನೇ ಬಿದ್ದದ್ದನ್ನು ಕಂಡ ಮೇಲೆಯೇ ಲೊರೇನ್ "ಕಟ್! ಕಟ್!" ಎಂದು ಚೀರಿದಳು.

ಈಜುಗಾರ ಇಬ್ಬರನ್ನೂ ಎಳೆದು ತಂದ. ಹೋರೇಸ್ ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ಹಲಗೆಗಳ ಮೇಲೆ ಸರೋವರವನ್ನೆಲ್ಲ ಕಾರುವವನಂತೆ ಕಾರಿದ. ಆಂಬುಲೆನ್ಸ್‌ನ ಹುಡುಗಿ ಅವನ ಮೂಗಿಗೆ ಕೊಳವೆ ಸಿಕ್ಕಿಸಿ, ಕಂಬಳಿ ಹೊದಿಸಿದಳು. ರೂಬೆನ್ ಪಕ್ಕದಲ್ಲಿ ಮಂಡಿಯೂರಿ ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ.

"ಕಟ್ ಅನ್ನೋದು ಬಾಯಿಗೇ ಬರ್ಲಿಲ್ಲ ಕಣೋ," ಎಂದ. "ಹೋಲ್ಡ್ ಅಂತ ಕೂಗಿದೆ. ಒಬ್ಬರಿಗಾದ್ರೂ ಅರ್ಥ ಆಗ್ಬೇಡ್ವಾ?"

ಹೋರೇಸ್ ಕಣ್ಣು ತೆರೆದ. ನೀಲಿಗಟ್ಟಿದ ತುಟಿಗಳು ಕಷ್ಟಪಟ್ಟು ಅಲುಗಿದವು.

"ನಂಗೆ ಅರ್ಥ ಆಯ್ತು. ಅದಕ್ಕೇ ಕಾಲು ಬಡಿಯೋದು ನಿಲ್ಲಿಸಿದೆ."