ಹಿಂದಿನ ಗಾಡಿಯ ತೂಕ

ದೇವದಾಸ ಬಗ್ಗಿ, ಪಿಕಪ್‌ನ ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ನೋಡಿದ. ಬಿಲ್ಲಿನಂತೆ ಬಾಗಿರಬೇಕಾದವು ನೆಟ್ಟಗಾಗಿದ್ದವು. ಖಾಲಿ ಗಾಡಿ ಹೀಗೆ ಕುಸಿಯುವುದಿಲ್ಲ.

‘ಒಳಗೆ ಎಂತ ಉಂಟು?’

‘ಮೀನಿನ ಖಾಲಿ ಕ್ರೇಟು, ಭಾವ,’ ಎಂದ ಹೆಂಡತಿಯ ತಮ್ಮ ಲೀಲಾಧರ. ಅವನ ಕೈ ಟಾರ್ಪಾಲಿನ ಹಗ್ಗ ಬಿಡಲಿಲ್ಲ.

ಕಾರ್ಕಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ದೇವದಾಸ, ಮಧ್ಯಾಹ್ನದ ತರಗತಿ ರದ್ದಾದ್ದರಿಂದ ಕಾಪುವಿನ ಮನೆಗೆ ಬೇಗ ಹೊರಟಿದ್ದ. ಪಡುಬಿದ್ರಿಗೆ ಇನ್ನೂ ಸ್ವಲ್ಪ ದೂರವಿದ್ದಾಗ, ಒಂದು ಏರಿನ ಬುಡದಲ್ಲಿ, ಲೀಲಾಧರನ ಗಾಡಿ ಕೆಟ್ಟು ನಿಂತದ್ದು ಕಂಡಿತು. ಅಜೆಕಾರಿನ ತನ್ನ ಮನೆಗೆ ಹೊರಟಿದ್ದನಂತೆ. ಕಾರ್ಕಳದ ಗ್ಯಾರೇಜಿನವರೆಗೆ ಜೀಪಿನಲ್ಲಿ ಎಳೆದುಕೊಂಡು ಹೋಗುತ್ತೇನೆ ಎಂದದ್ದು ದೇವದಾಸನೇ. ಲೀಲಾಧರ ಬೇಡವೆಂದ. ಕ್ರೇನ್ ಬರುತ್ತದೆ ಎಂದ. ಯಾವಾಗ ಎಂದರೆ, ಬರುತ್ತದೆ ಎಂದಷ್ಟೇ ಹೇಳಿದ.

ದೇವದಾಸ ಮನಸ್ಸಿನಲ್ಲೇ ತೂಗಿದ. ಜೀಪು ಸಾವಿರದ ಏಳುನೂರು ಕಿಲೋ, ಖಾಲಿ ಪಿಕಪ್ ಸಾವಿರದ ಆರುನೂರು. ಏರಿಗಿಂತ ಇಳಿಜಾರಿನದ್ದೇ ಹೆದರಿಕೆ. ಎಂಜಿನ್ ನಿಂತ ಗಾಡಿಯ ಬ್ರೇಕು ಕಲ್ಲಿನಷ್ಟು ಗಟ್ಟಿ, ತುಳಿದರೂ ಸರಿಯಾಗಿ ಹಿಡಿಯುವುದಿಲ್ಲ. ಹಿಂದಿನದು ಭಾರವಾದರೆ ಮುಂದಿನದನ್ನೇ ತಳ್ಳಿಕೊಂಡು ಹೋಗುತ್ತದೆ.

ಅವನು ಕೊಕ್ಕೆ ಪರೀಕ್ಷಿಸಿದ. ಗಾಡಿ ಎಳೆಯುವ ಹಗ್ಗವನ್ನು ಗೇಣುಗೇಣಾಗಿ ಬೆಳಕಿಗೆ ಹಿಡಿದ. ಮತ್ತೆ ಕೊಕ್ಕೆ ನೋಡಿದ.

‘ಹಗ್ಗ ಕಟ್ಟಲಿಕ್ಕೂ ಪರೀಕ್ಷೆ ಉಂಟಾ ನಿಮ್ಮಲ್ಲಿ? ಮನೆಯಲ್ಲೂ ಹೀಗೆಯಾ?’ ಎಂದ ಲೀಲಾಧರ. ನಗಲಿಲ್ಲ.

ದೇವದಾಸನೂ ನಗಲಿಲ್ಲ. ಕಳೆದ ವರ್ಷ ಕದ್ದ ಮರಳು ಸಾಗಿಸಿ ಸಿಕ್ಕಿಬಿದ್ದ ಇವನನ್ನು ಠಾಣೆಯಿಂದ ಬಿಡಿಸಿ ತಂದದ್ದು ಅವನೇ. ಇನ್ನು ಅಂಥದ್ದಕ್ಕೆ ಕೈಹಾಕುವುದಿಲ್ಲವೆಂದು ಲೀಲಾಧರ ಅಕ್ಕನ ಎದುರೇ ಮಾತು ಕೊಟ್ಟಿದ್ದ. ಈಗ ಕಣ್ಣೆತ್ತಿ ನೋಡುತ್ತಲೂ ಇಲ್ಲ.

‘ಸುಳ್ಳು ತೂಕ ನಂಬಿ ಎಳೆದರೆ ಇಳಿಜಾರಿನಲ್ಲಿ ಇಬ್ಬರೂ ಸಾಯುತ್ತೇವೆ. ಬಿಚ್ಚು.’

‘ನೀವು ನೋಡದಿದ್ದರೆ ಒಳ್ಳೆಯದು, ಭಾವ.’

‘ಮರಳು ಅಲ್ವಾ?’

ಲೀಲಾಧರ ಟಾರ್ಪಾಲಿನ ಗಂಟನ್ನು ಇನ್ನಷ್ಟು ಬಿಗಿದ.

‘ಶರ್ಮಿಳಾಳಿಗೆ ಗೊತ್ತುಂಟಾ?’

‘ಅಕ್ಕನಿಗೆ ಗೊತ್ತುಂಟು.’

ಭಾವಮೈದುನ ಮಾತು ಮುರಿದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಬೆಳಿಗ್ಗೆ ಅವಳೇ ಬುತ್ತಿ ಕಟ್ಟಿಕೊಟ್ಟು, ಸಂಜೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಎರಡು ಸಲ ಕೇಳಿದ್ದಳು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದವಳು, ತಮ್ಮನಿಗಾಗಿ ಇದನ್ನು ಮುಚ್ಚಿಟ್ಟಳು.

ಅವನು ಲೀಲಾಧರನ ಕೈ ಸರಿಸಿ ಗಂಟು ಬಿಚ್ಚಿದ. ಟಾರ್ಪಾಲು ಎಳೆದ.

ಮರಳಿರಲಿಲ್ಲ. ಕಬ್ಬಿಣದ ಬೀರು, ಹೊಲಿಗೆ ಯಂತ್ರ, ರುಬ್ಬುವ ಕಲ್ಲು, ತೇಗದ ಪೆಟ್ಟಿಗೆ ಇದ್ದವು. ಮದುವೆಯಲ್ಲಿ ಅಜೆಕಾರಿನಿಂದ ಬಂದದ್ದೆಲ್ಲ ಇತ್ತು. ಅವನದು ಒಂದು ಚಮಚವೂ ಇರಲಿಲ್ಲ.

‘ಇದು ಕೊನೆಯ ಟ್ರಿಪ್, ಭಾವ,’ ಎಂದ ಲೀಲಾಧರ. ‘ಅಕ್ಕ ಬೆಳಿಗ್ಗೆಯೇ ಅಮ್ಮನ ಮನೆಗೆ ಹೋಗಿ ಆಯಿತು.’