ತಿರುಗಿ ಬರುವ ಕಾರು

ನೀಲಿ ಕಾರಿನ ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿರುವುದನ್ನು ಬಗ್ಗಿ ನೋಡಿದ ಆ ಮನುಷ್ಯ ಮುಗುಳ್ನಕ್ಕ. ಬೇರೆ ಯಾರಾದರೂ ಆಗಿದ್ದರೆ ಮೂಗು ಮುರಿಯುತ್ತಿದ್ದರು. ವ್ಯಾಪಾರಿಗೆ ಇದು ವಿಚಿತ್ರವೆನಿಸಿತು.

ಹಳೆಯ ಕಾರುಗಳನ್ನು ಮಾರುತ್ತಲೇ ತಲೆ ನರೆತ ಜೀವ ಅದು. ಗೇಟು ದಾಟಿ ಬರುವವರ ನಡಿಗೆ ನೋಡಿಯೇ ಕೊಳ್ಳುವವರು ಯಾರು, ಹೊತ್ತು ಕಳೆಯಲು ಬಂದವರು ಯಾರು ಎಂದು ಹೇಳಬಲ್ಲ. ಇವತ್ತಿನ ಲೆಕ್ಕ ಸುಲಭವೆನಿಸಿತ್ತು. ಇಸ್ತ್ರಿಯ ಗೆರೆ ಮಾಸದ ಅಂಗಿಯ ಅಪ್ಪ. ಲೈಸೆನ್ಸ್ ಸಿಕ್ಕ ಖುಷಿ ಇನ್ನೂ ಮುಖದಿಂದ ಇಳಿಯದ ಮಗಳು. ಅಪ್ಪ ಯಾವುದೋ ಆಫೀಸಿನವನು, ಕಾರಿನ ಗಂಧಗಾಳಿಯೂ ಇಲ್ಲ. ಇಂಥವರಿಗಾಗಿಯೇ ನೀಲಿ ಕಾರು ಕಾದಿತ್ತು.

ಕೆಲಸಗಾರರು ಅದಕ್ಕೆ 'ತವರಿನ ಮಗಳು' ಎಂದು ಹೆಸರಿಟ್ಟಿದ್ದರು. ಎಷ್ಟು ಸಲ ಸಾಗಹಾಕಿದರೂ ತಿರುಗಿ ಬರುತ್ತಿತ್ತು. ಕ್ಲಚ್ಚು ನರಳುತ್ತಿತ್ತು, ರೇಡಿಯೇಟರು ಜಿನುಗುತ್ತಿತ್ತು, ಒಂದು ಸರಿಹೋದರೆ ಇನ್ನೊಂದರ ತಗಾದೆ. ಕೊನೆಯ ಸಲ ಕೊಂಡವನಂತೂ ಗಿರಾಕಿಗಳ ಎದುರೇ 'ಮೋಸಗಾರ' ಎಂದು ಕೂಗಾಡಿ ಹೋಗಿದ್ದ. ಅಂದಿನಿಂದ ನೊಣ ಹೊಡೆಯುವುದೇ ಕೆಲಸ. ಇನ್ನೊಮ್ಮೆ ಹಾಗಾದರೆ ಗೇಟಿಗೆ ಬೀಗ ಜಡಿಯುವುದೇ ಸರಿ. ಆದರೂ ಅದನ್ನು ಹೇಗಾದರೂ ತೊಲಗಿಸುವ ಆಸೆ ಬಿಡಲಿಲ್ಲ.

"ಹೊಸದಾಗಿ ಕಲಿತೋರಿಗೆ ಹೇಳಿ ಮಾಡಿಸಿದ ಗಾಡಿ ಸರ್," ಎಂದಿದ್ದ. "ಮಕ್ಕಳಿಗೆ ಕೊಡಿಸೋದಾದ್ರೆ ಕೈಕೊಡದ ಗಾಡಿನೇ ಕೊಡಿಸ್ಬೇಕು. ನನ್ನ ಮಗನಿಗೂ ಹಾಗೇ ಆರಿಸಿ ಕೊಡಿಸ್ದೆ. ಇವತ್ತಿನವರೆಗೂ ಒಂದು ದಿನಾನೂ ಕೆಟ್ಟಿಲ್ಲ!"

"ಮಗ ಇದೇ ಊರಲ್ಲಿರೋದಾ?"

"ಅಲ್ಲ. ಆದ್ರೆ ಹತ್ರಾನೇ. ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರಬಹುದು."

"ಬರ್ತಾ ಇರ್ತಾನಾ?"

"ಬರ್ತಾನೆ, ಬರ್ತಾನೆ. ಪುರುಸೊತ್ತಾಗ್ಬೇಕಲ್ಲ."

ಆ ಮನುಷ್ಯ ಅವನ ಮುಖವನ್ನೇ ಒಂದು ಗಳಿಗೆ ನೋಡಿದ್ದ. ವ್ಯಾಪಾರಿಗೆ ಆ ನೋಟ ಹಿಡಿಸಿರಲಿಲ್ಲ.

ಆಮೇಲೆ ಶುರುವಾಯಿತು ಪರೀಕ್ಷೆ. ಅದೆಂಥ ಪರೀಕ್ಷೆಯೋ! ಇಳಿಜಾರಿನಲ್ಲಿ ಮಗಳ ಪಕ್ಕ ಕೂತು ಮತ್ತೆ ಮತ್ತೆ ಬ್ರೇಕು ಹಾಕಿಸಿದ. ಸೀಟ್‌ಬೆಲ್ಟುಗಳನ್ನು ಕಿತ್ತುಬರುವಂತೆ ಜಗ್ಗಿದ. ನಾಲ್ಕೂ ಹೊಸ ಟೈರು ಹಾಕಿದರೆ ಮಾತ್ರ ಮುಂದಿನ ಮಾತು ಎಂದ. ಆದರೆ ಹಿಂದಿನಿಂದ ಹೊಗೆ ಬಂದಾಗ ತುಟಿಪಿಟಿಕ್ಕೆನ್ನಲಿಲ್ಲ. ಎಂಜಿನ್ ಗುರುಗುಟ್ಟಿದಾಗ ಹಾಡು ಕೇಳುವವನಂತೆ ಕಣ್ಣು ಮುಚ್ಚಿದ.

"ಅಪ್ಪಾ, ಏನೋ ಕಿರ್ ಅಂತಿದೆ," ಎಂದಳು ಮಗಳು.

"ಇರ್ಲಿ ಬಿಡು ಪುಟ್ಟಿ. ವಯಸ್ಸಾದ್ಮೇಲೆ ಯಾರಾದ್ರೂ ಗೊಣಗ್ತಾರೆ."

ವ್ಯಾಪಾರಿ ಬೆವರು ಒರೆಸಿಕೊಂಡ. "ಆ ಎಣ್ಣೆ ಸೋರೋದನ್ನ ಸರಿ ಮಾಡ್ಸಿ ಕೊಡ್ತೀನಿ ಸರ್."

"ಬೇಡ, ಮುಟ್ಟಬೇಡಿ. ಹೇಗಿದೆಯೋ ಹಾಗೇ ಇರ್ಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ವ್ಯಾಪಾರಿಯ ಸ್ಥಿತಿ. ಯಾಕೆ ಮುಟ್ಟಬಾರದು? ಸಾಕ್ಷಿಗೆ ಬೇಕೇ? ಕೂಗಾಡಿ ಹೋದವನು ಕಳಿಸಿದ ಜನವೇ? ಅಂಗಿಯ ಜೇಬಿನಲ್ಲಿದ್ದ ಫೋನು ಮಾತುಗಳನ್ನೆಲ್ಲ ಹಿಡಿದಿಡುತ್ತಿದೆಯೇ? ಮಾತು ಬದಲಿಸಲು ಪಕ್ಕದ ಬಿಳಿ ಕಾರನ್ನು ತೋರಿಸಿದ. ಅಂಗಳದಲ್ಲೇ ಒಳ್ಳೆಯ ಗಾಡಿ. ಆ ಮನುಷ್ಯ ಅದರ ಎಂಜಿನ್ನಿಗೆ ಕಿವಿ ಕೊಟ್ಟು ತಲೆ ಅಲ್ಲಾಡಿಸಿದ.

"ಇದು ಬೇಡ. ತುಂಬಾ ಚೆನ್ನಾಗಿದೆ."

ಬೆಲೆಗೆ ಹೆದರಿದ ಎಂದುಕೊಂಡ ವ್ಯಾಪಾರಿ. ಅಷ್ಟರಲ್ಲಿ ನೀಲಿ ಕಾರಿನೊಳಗೆ ಹುಡುಗಿ ಕನ್ನಡಿ ಸರಿಪಡಿಸುತ್ತಾ, ಅದರಲ್ಲಿ ತನ್ನದೇ ಮುಖ ಕಂಡು ನಕ್ಕು, ಅಪ್ಪನಿಗೆ ಕೈಬೀಸಿದಳು. ಸ್ಟೀರಿಂಗನ್ನು ಇನ್ನೊಂದು ಕೈಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಬಿಟ್ಟರೆ ಅದೇ ಓಡಿಹೋಗುತ್ತದೇನೋ ಎನಿಸುತ್ತಿತ್ತು. ಈ ಕೂಸು ಹೊಗೆಯಾಡುವ ಕಾರಿನ ಪಕ್ಕ ಒಂಟಿಯಾಗಿ ನಿಂತಿರುವುದು ವ್ಯಾಪಾರಿಯ ಕಣ್ಣಿಗೆ ಕಟ್ಟಿತು. ಅವನಿಂದ ತಡೆಯಲಾಗಲಿಲ್ಲ.

"ಸರ್, ನೀವು ಯಾರೋ ನಂಗೊತ್ತಿಲ್ಲ. ಯಾರಾದ್ರೂ ಆಗ್ಲಿ. ಈ ಗಾಡಿ ಬೇಡ. ಕ್ಲಚ್ಚು, ರೇಡಿಯೇಟರು, ಒಂದೂ ನೆಟ್ಟಗಿಲ್ಲ. ತಗೊಂಡೋರೆಲ್ಲ ವಾಪಸ್ ತಂದಿದ್ದಾರೆ. ಇದೇ ದುಡ್ಡಿಗೆ ಆ ಬಿಳೀದು ತಗೊಂಡು ಹೋಗಿ."

ಆ ಮನುಷ್ಯ ನೀಲಿ ಕಾರಿನ ಕೀಗೇ ಕೈ ಚಾಚಿದ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಕಪ್ಪು, ಉಗುರುಗಳ ಅಂಚಿನಲ್ಲಿ. ವ್ಯಾಪಾರಿ ಇಷ್ಟು ಹೊತ್ತೂ ಅಂಗಿಯನ್ನು ನೋಡಿದ್ದನೇ ಹೊರತು ಕೈಯನ್ನಲ್ಲ.

"ನಂದು ಗ್ಯಾರೇಜು ಯಜಮಾನ್ರೇ. ನೀವು ಸ್ಟಾರ್ಟ್ ಮಾಡಿದಾಗಲೇ ಎಲ್ಲಾ ಗೊತ್ತಾಯ್ತು."

"ಗೊತ್ತಿದ್ದೂ ಇದನ್ನ..?"

ಅವನು ಮಗಳ ಕಡೆ ನೋಡಿ ದನಿ ತಗ್ಗಿಸಿದ. "ಅವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ನಾಳಿದ್ದು ಹೊರಡ್ತಾಳೆ. ಜೀವ ಕಾಯೋದು ಬ್ರೇಕು, ಟೈರು, ಸ್ಟೀರಿಂಗು. ಅದೆಲ್ಲ ಗಟ್ಟಿ ಇರ್ಬೇಕು. ಉಳಿದದ್ದು ದಾರೀಲಿ ಕೈಕೊಡದ ಹಾಗೆ ಇವತ್ತು ಸಂಜೆನೇ ಮಾಡ್ತೀನಿ. ಆದ್ರೆ ತಿಂಗಳಿಗೊಂದು ಸಲ ನನ್ನ ಕೈಗೆ ಬರದೆ ಇದು ಓಡಲ್ಲ. ಆ ಬಿಳೀದು ಕೊಡಿಸಿದ್ರೆ, ಅವಳಿಗೆ ಮನೆಗೆ ಬರೋಕೆ ನೆಪ ಏನಿರುತ್ತೆ ಹೇಳಿ?"

ಹೊಸ ಟೈರುಗಳ ಮೇಲೆ ನೀಲಿ ಕಾರು ಗೊಣಗುತ್ತಾ ಗೇಟು ದಾಟಿತು. ಇನ್ನು ತಿರುಗಿ ಬರದಿರಲಿ ಎಂದು ಎಂದಿನಂತೆ ಬೇಡಿಕೊಳ್ಳಲು ಹೊರಟ ವ್ಯಾಪಾರಿ ಅರ್ಧಕ್ಕೇ ನಿಲ್ಲಿಸಿದ. ಮಗ ಮನೆಗೆ ಬಂದು ಎಷ್ಟು ಕಾಲವಾಯಿತೆಂದು ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ.

ಮಗನ ಕಾರು ಇವತ್ತಿನವರೆಗೂ ಒಂದು ದಿನವೂ ಕೆಟ್ಟಿರಲಿಲ್ಲ.