ಬೆಲ್ಲದ ನೀರು ಕುಡಿದವರು

ಪೆಟ್ಟಿಗೆ ಬಗ್ಗಿಸುತ್ತಿದ್ದಂತೆ ಕೋಳಿಮರಿಗಳು ಹಳದಿ ಉಂಡೆಗಳಂತೆ ಉರುಳಿ ತಗಡಿನ ಸುತ್ತುಬೇಲಿಯೊಳಗೆ ಚೆಲ್ಲಾಪಿಲ್ಲಿಯಾದವು. ಕೊಯಮತ್ತೂರಿನಿಂದ ಘಾಟಿ ಹತ್ತಿ ಊಟಿಯ ಚಳಿಗೆ ಬಂದ ಮರಿಗಳು. ಸುಗನ್ಯಾಳಿಗೆ ಇದೇ ಮೊದಲ ಸಾಕಣೆ.

"ಒಂದೊಂದರ ಕೊಕ್ಕನ್ನೂ ಬೆಲ್ಲದ ನೀರಿಗೆ ಅದ್ದಿ ಅಕ್ಕಾ, ಆಮೇಲೇ ತೀನಿ ಹಾಕಿ," ಎಂದ ಮರಿ ತಂದಿದ್ದ ಕೋಳಿ ಕಂಪನಿಯ ಶಕ್ತಿವೇಲ್. "ಮೊದಲ ದಿನವೇ ಸತ್ರೆ ಕಂಪನಿಯವರು ಮತ್ತೆ ಮರಿ ಕೊಡಲ್ಲ." ಪಕ್ಕದ ಹಟ್ಟಿಗೂ ಮರಿ ಇಳಿಸಿ ಬರುತ್ತೇನೆಂದು ವ್ಯಾನು ಹತ್ತಿದ.

ಕೋಳಿ ಶೆಡ್ಡಿನ ಬಾಗಿಲಲ್ಲಿ ಅತ್ತೆ ನಂಜಿ ಶಾಲಿನ ತುದಿ ಮೂಗಿಗೆ ಹಿಡಿದು ನಿಂತಿದ್ದಳು. ಲಿಂಗ ಕಟ್ಟಿದವರ ಮನೆ, ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. "ತಿನ್ನೋರು ಯಾರೋ ತಿಂತಾರೆ, ನೀ ಸಾಕು. ನನ್ನ ಕೈ ಮಾತ್ರ ಸೋಕಲ್ಲ," ಎಂದ ಮೇಲೆಯೇ ಸೊಸೆ ಈ ಕೆಲಸಕ್ಕೆ ಇಳಿದದ್ದು.

ಆ ಮಾತು ಹೆಚ್ಚು ಹೊತ್ತು ಬಾಳಲಿಲ್ಲ. ಒಂದು ಮರಿ ತಗಡಿನ ಸಂದಿಯಿಂದ ನುಸುಳಿ ಬಂದು ನಂಜಿಯ ಕಾಲ್ಬೆರಳ ಮೇಲೆ ಕೂತು ಕಣ್ಣು ಮುಚ್ಚಿತು.

"ಅಯ್ಯೋ, ಇದು ಹೋಗ್ತದಲ್ಲೇ!" ಎಂದು ನಂಜಿ ಎತ್ತಿಕೊಂಡೇಬಿಟ್ಟಳು. ಕೊಕ್ಕು ಅದ್ದಿದ್ದೇ ತಡ, ಅದು ತಲೆ ಕೊಡವಿ ಅವಳ ಮುಖಕ್ಕೆಲ್ಲ ಬೆಲ್ಲದ ನೀರು ಹಾರಿಸಿತು. ಮುದುಕಿ ಕಿಸಕ್ಕನೆ ನಕ್ಕಳು. ನಗು ಸೊಸೆಗೂ ಅಂಟಿತು.

ಆದರೆ ಕುಡಿದ ಮರಿ ಯಾವುದು, ಕುಡಿಯದ್ದು ಯಾವುದು? ಕೈಬಿಟ್ಟ ಗಳಿಗೆಯಲ್ಲೇ ಗುಂಪಿಗೆ ನುಗ್ಗುತ್ತಿದ್ದವು. ಎಲ್ಲಕ್ಕೂ ಒಂದೇ ಮುಖ.

"ಮಾಮಿ, ಈ ಕಳ್ಳನಿಗೆ ಮೂರು ಸಲ ಕುಡಿಸಿದೆ ಅನ್ನಿಸ್ತದೆ!"

"ತಾಳು, ಗುರುತು ಹಾಕುವ," ಎಂದು ನಂಜಿ ಮನೆಗೆ ಓಡಿ ದೇವರ ಗೂಡಿನಲ್ಲಿದ್ದ ವಿಭೂತಿಯನ್ನೇ ತಂದಳು. ಸೊಸೆ ಕೊಕ್ಕು ಅದ್ದುವುದು, ಅತ್ತೆ ಹಣೆಗೆ ಬೆರಳೊತ್ತುವುದು. ಮರಿಗಳು ಸೀನಿದವು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಕಾಗದದ ಮೇಲೆ ತೀನಿ ಚೆಲ್ಲಿದಾಗ ಟಪಟಪ ಎಂದು ಕೊಕ್ಕುಗಳ ಸದ್ದೋ ಸದ್ದು. ಒಂದೂ ಸತ್ತಿರಲಿಲ್ಲ.

ವಾಪಸು ಬಂದ ಶಕ್ತಿವೇಲ್ ಬೇಲಿಯೊಳಗೆ ಇಣುಕಿ ಬೆಚ್ಚಿದ. "ಅಕ್ಕಾ, ಏನಿದು! ಇವು ಮಾಂಸದ ಅಂಗಡಿಗೆ ಹೋಗೋ ಮರಿ. ಆರು ವಾರಕ್ಕೆ ಲಾರಿ ಬರ್ತದೆ. ವಿಭೂತಿ ಹಚ್ಚಿದ್ದನ್ನ ಹೇಗೆ ಕೊಯ್ಯೋದು? ಒರೆಸಿಬಿಡಿ!"

ಸುಗನ್ಯಾಳ ನಗು ಅರ್ಧಕ್ಕೇ ನಿಂತಿತು. ಬದುಕಿಸಿದ್ದೂ ಆಯಿತು, ಇನ್ನು ಇವನ್ನು ಲಾರಿ ಹತ್ತಿಸುವುದು ಹೇಗೆ? ಅತ್ತೆಯ ಮುಖ ನೋಡಿದಳು.

ಕಾಲ್ಬೆರಳ ಮೇಲೆ ಕೂತಿದ್ದ ಆ ಮರಿ ಈಗ ನಂಜಿಯ ಶಾಲಿನೊಳಗಿತ್ತು. ಅವಳು ಶಕ್ತಿವೇಲನನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಮುರುಗನ ಗುಡಿಯಲ್ಲಿ ಹಚ್ಚಿಕೊಂಡ ಮೂರು ಗೆರೆ ಅವನ ಹಣೆಯಲ್ಲಿ ಇನ್ನೂ ಮಾಸಿರಲಿಲ್ಲ.

"ನೀನೇ ಒರೆಸಪ್ಪಾ," ಎಂದಳು. "ಮೊದಲು ನಿನ್ನ ಹಣೆಯಿಂದ ಶುರುಮಾಡು."

ಶಕ್ತಿವೇಲ್ ಮರಿಗಳತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದ. ಏನೋ ನೆನಪಾದವನಂತೆ ಮೆಲ್ಲಗೆ ಹೊರಗೆ ಹೋಗಿ, ಚಪ್ಪಲಿ ಬಿಟ್ಟು ಬಂದ.